ಒಡ್ಡಿನ ಮೇಲೆ ಕೈ ಎತ್ತುವಂತಿಲ್ಲ

ನಮ್ಮ ಒಡ್ಡಿನ ಶಾಲೆ ಶುರುವಾದ ದಿನವೇ ಕಲಿಸುವವನು ಕಲಿಯಲು ಬಂದವಳ ಮೊಣಕಾಲಿಗೆ ಹೊಡೆದ. ಹೊಡೆದವನು ನನ್ನ ಸ್ವಂತ ತಮ್ಮ. ಹೊಡೆಸಿಕೊಂಡವಳು ಹಾರವಾಡದಲ್ಲಿ ಮೀನು ಮಾರುವ ಹೆಂಗಸು. ಅವನ ಕೈಯಲ್ಲಿದ್ದದ್ದು ಕೊಡತಿ, ಒಡ್ಡಿನ ಮಣ್ಣನ್ನು ಬಡಿದು ಗಟ್ಟಿ ಮಾಡುವ ಮರದ ಬಡಿಗೆ. ಹಿಡಿಯ ತುದಿಯಿಂದ ಹೊಡೆದ. ತಲೆಯ ಭಾಗದಿಂದ ಹೊಡೆದಿದ್ದರೆ ಅವಳ ಮಂಡಿಚಿಪ್ಪು ಉಳಿಯುತ್ತಿರಲಿಲ್ಲ.

ಅವಳು ಕೂಗಲಿಲ್ಲ. ಬಗ್ಗಿ ಅಂಗೈ ತುಂಬ ಹಸಿ ಕೆಸರು ಎತ್ತಿಕೊಂಡಳು, ನೆಟ್ಟಗೆ ನಿಂತಳು, ಅವನ ಕೆನ್ನೆಗೆ ಬಾರಿಸಿದಳು. ಆ ಸದ್ದಿಗೆ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು.

"ನಮ್ಮನೆ ಗಂಡ್ಸೇ ನಂಗೆ ಹೊಡೂದಿಲ್ಲ. ನೀ ಯಾವೂರ ಒಡೆಯ ಮಾರಾಯಾ?" ಅಂದಳು.

ಒಡ್ಡಿನ ಮೇಲೆ ನಿಂತಿದ್ದವರಲ್ಲಿ ಯಾರೋ ನಕ್ಕರು. ಆ ನಗುವೇ ಕೆಟ್ಟದ್ದಾಯಿತು. ತಮ್ಮ ಕೊಡತಿಯನ್ನು ತಿರುಗಿಸಿ ಹಿಡಿದ, ಈ ಸಲ ತಲೆಯ ಭಾಗ ಮುಂದೆ. ನಾನು ನಡುವೆ ಹೋಗಿ ನಿಂತೆ. ಕಾರವಾರದ ಆಸ್ಪತ್ರೆಯ ವಾರ್ಡಿನಲ್ಲಿ ಇಡೀ ವಯಸ್ಸನ್ನು ಕಳೆದವಳು ನಾನು. ಕುಡಿದು ಬಂದ ಸಂಬಂಧಿಕರ ನಡುವೆ, ಸತ್ತವನ ಇಬ್ಬರು ಹೆಂಡಿರ ನಡುವೆ ಹೀಗೆ ಎಷ್ಟೋ ಸಲ ನಿಂತಿದ್ದೇನೆ. ಜಗಳದ ನಡುವೆ ಹೋಗುವಾಗ ಎದೆ ಕೊಡಬಾರದು, ಭುಜ ಕೊಡಬೇಕು. ಎದೆ ಕೊಟ್ಟರೆ ನೀವೂ ಜಗಳದ ಒಂದು ಪಕ್ಷವಾಗುತ್ತೀರಿ. ಭುಜ ಕೊಟ್ಟರೆ ಗೋಡೆಯಾಗುತ್ತೀರಿ. ತಮ್ಮ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದ, ಕೊಡತಿಯನ್ನು ಕೆಸರಿಗೆ ಎಸೆದ, ಮನೆಯ ಕಡೆ ನಡೆದುಬಿಟ್ಟ. ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಅವಳು ಮಾಡಿದ ತಪ್ಪೇನೆಂದು ಹೇಳಬೇಕು. ಅಳಿವೆಯ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆಗಳಿಗೆ ನಾವು ಗಜನಿ ಅನ್ನುತ್ತೇವೆ. ಗಜನಿಗೂ ಹೊಳೆಗೂ ನಡುವೆ ಇರುವುದು ಮಣ್ಣಿನ ಒಡ್ಡು ಒಂದೇ. ಒಡ್ಡಿಗೆ ಒಂದು ಬೆನ್ನು, ಒಂದು ಹೊಟ್ಟೆ. ಹೊಳೆಯ ಕಡೆಗಿರುವುದು ಬೆನ್ನು, ಗದ್ದೆಯ ಕಡೆಗಿರುವುದು ಹೊಟ್ಟೆ. ಒಡ್ಡು ಏರಿಸಲು ಬೇಕಾದ ಮಣ್ಣನ್ನು ನೀರು ಇಳಿದಾಗ ಹೊಳೆಯ ಕಡೆಯಿಂದಲೇ ಕಡಿಯಬೇಕು. ಗದ್ದೆಯ ಕಡೆಯಿಂದ ಕಡಿದರೆ ಒಡ್ಡಿನ ಬುಡವೇ ಹೋಗುತ್ತದೆ. ಅವಳು ಹತ್ತಿರವಾಯಿತೆಂದು ಹೊಟ್ಟೆಯ ಕಡೆಯಿಂದ ಒಂದು ಹೆಂಟೆ ಎತ್ತಿದ್ದಳು. ತಮ್ಮ ಅದನ್ನು ಬಾಯಲ್ಲಿ ಹೇಳಬಹುದಿತ್ತು. ಅವನಿಗೆ ಬಾಯಲ್ಲಿ ಯಾರೂ ಹೇಳಿದವರಿಲ್ಲ.

ಅಪ್ಪ ಅವನಿಗೆ ಈ ಕೆಲಸವನ್ನು ಹೊಡೆದೇ ಕಲಿಸಿದ. ಒಡ್ಡಿನ ಕೆಲಸ ತಪ್ಪಿದರೆ ಹೊಡೆತ, ತಡವಾದರೆ ಹೊಡೆತ, ಸರಿಯಾದರೆ ಸುಮ್ಮನೆ ಇರುವುದು. ಒಮ್ಮೆ ನೀರು ಇಳಿದ ಹೊತ್ತಿನಲ್ಲಿ ಮಣ್ಣು ಕಡಿಯುವುದು ಬಿಟ್ಟು ಏಡಿ ಹಿಡಿಯುತ್ತ ಕೂತಿದ್ದನೆಂದು ಸಲಿಕೆಯ ಚಪ್ಪಟೆ ಮುಖದಿಂದ ಕಿವಿಯ ಮೇಲೆ ಹೊಡೆದ. ಮನೆಗೆ ಬಂದಾಗ ಕುತ್ತಿಗೆಯ ತನಕ ರಕ್ತ ಇಳಿದಿತ್ತು. ಅವ್ವ ಬೆಚ್ಚಗಿನ ಎಣ್ಣೆ ಬಿಟ್ಟಳು. ಎಡಗಿವಿ ಮತ್ತೆ ಕೇಳಲಿಲ್ಲ. ಅಂದಿನಿಂದ ತಮ್ಮ ಎಲ್ಲರೊಡನೆಯೂ ಹೊಳೆಯಾಚೆ ನಿಂತವರೊಡನೆ ಮಾತಾಡುವಂತೆ ಗಟ್ಟಿಯಾಗಿ ಮಾತಾಡುತ್ತಾನೆ. ನಾನು ಹೆಣ್ಣು, ನನಗೆ ಹೊಡೆಯಲೂ ಇಲ್ಲ, ಕಲಿಸಲೂ ಇಲ್ಲ. ನರ್ಸಿಂಗ್ ಕಲಿಯಲು ಕಾರವಾರಕ್ಕೆ ಹೋದೆ. ಅಲ್ಲಿ ನರ್ಸುಗಳನ್ನು ಬಾಯಿ ಎಂದು ಕರೆಯುತ್ತಾರೆ. ನಮ್ಮ ಮೇಟ್ರನ್ ಬಾಯಿ ಬೆತ್ತ ಹಿಡಿದವರಲ್ಲ, ಗಡಿಯಾರ ಹಿಡಿದವರು. ಗಂಟೆಗೆ ಸರಿಯಾಗಿ ಜ್ವರ ನೋಡುವುದು, ಹಾಸಿಗೆಯ ಮೂಲೆ ಮಡಿಸುವುದು, ಗಾಯ ತೊಳೆಯುವುದು ಎಲ್ಲವೂ ಅವರ ಗಡಿಯಾರದ ಮುಂದೆ ನಡೆಯುತ್ತಿತ್ತು. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ನಾನು ಅದೇ ಗಡಿಯಾರದಲ್ಲಿ ಏಳುತ್ತೇನೆ.

ಬಂದಾಗ ಗಜನಿಯ ಸ್ಥಿತಿ ಹೀಗಿತ್ತು. ಸಿಗಡಿ ಸಾಕುವ ಕೆರೆಗಳು ಬಂದು ಹೋಗಿದ್ದವು. ಒಡ್ಡು ಅಲ್ಲಲ್ಲಿ ಕುಸಿದು ಗದ್ದೆಗಳು ಪಾಳು ಬಿದ್ದಿದ್ದವು. ಉಪ್ಪುನೀರಿನಲ್ಲೂ ಬೆಳೆಯುವ ನಮ್ಮ ಕಗ್ಗ ಭತ್ತ ಒಬ್ಬರ ಮನೆಯಲ್ಲೂ ಇರಲಿಲ್ಲ, ನಮ್ಮ ಮನೆಯ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹುಲ್ಲಿನಿಂದ ಸುತ್ತಿ ಕಟ್ಟಿದ ಒಂದು ಮುಡಿಯ ಹೊರತು. ತಮ್ಮ ಅದನ್ನು ಪ್ರತಿ ವರ್ಷ ಒಂದು ಮೂಲೆಗದ್ದೆಯಲ್ಲಿ ಬಿತ್ತಿ, ಬೆಳೆದು, ಮತ್ತೆ ಮುಡಿ ಕಟ್ಟಿ ಇಡುತ್ತಿದ್ದ. ಒಂದು ವರ್ಷ ಬಿತ್ತದಿದ್ದರೆ ಆ ಬೀಜ ಮೊಳೆಯುವುದಿಲ್ಲ. ಆದರೆ ಒಬ್ಬನೇ ಗಂಡಸು ಒಂದು ಒಡ್ಡನ್ನು ಕಾಯಲಾರ. ಒಡ್ಡಿನ ಒಳಗೆ ಯಾರ ಯಾರ ತುಂಡು ಗದ್ದೆ ಇದೆಯೋ ಅವರೆಲ್ಲ ಮಣ್ಣು ಹೊರಬೇಕು. ಅವರ ಮಕ್ಕಳಿಗೆ ಅದು ಗೊತ್ತಿಲ್ಲ. ಹಾಗಾಗಿ ಶಾಲೆ. ನಾನು ಮನೆ ಮನೆಗೆ ಹೋಗಿ ಕರೆದೆ. ತಮ್ಮ ಇದ್ದ ಒಂದೇ ಮುಡಿಯನ್ನು ಪೂರ್ತಿ ಶಾಲೆಯ ಗದ್ದೆಗೆ ಕೊಟ್ಟ. ಈ ಬೆಳೆ ಹೋದರೆ ಕಗ್ಗ ಹೋಯಿತು. ಬಂದವರಿಗೆಲ್ಲ ಅದು ಗೊತ್ತಿತ್ತು. ಅವನಿಗಂತೂ ಅದು ನಿದ್ದೆಯಲ್ಲೂ ಗೊತ್ತಿತ್ತು.

ವೇಳಾಪಟ್ಟಿ ನನ್ನದು. ಭಾನುವಾರ ಒಂಬತ್ತಕ್ಕೆ ಎಂದು ಇಟ್ಟರೆ ಆಗುವುದಿಲ್ಲ. ಭರತಿ ಸುಕತಿ, ಅಂದರೆ ನೀರು ಏರುವುದು ಇಳಿಯುವುದು, ದಿನದಿಂದ ದಿನಕ್ಕೆ ಸರಿಯುತ್ತ ಹೋಗುತ್ತದೆ. ನಾನು ಪಂಚಾಂಗ ಇಟ್ಟುಕೊಂಡು ಯಾವ ತಿಥಿಗೆ ಎಷ್ಟು ಹೊತ್ತಿಗೆ ಸುಕತಿ ಎಂದು ಬರೆದು ಎಲ್ಲರ ಮೊಬೈಲಿಗೂ ಕಳಿಸಿದೆ. ಮೇಟ್ರನ್ ಬಾಯಿಗಿಂತ ಕಟ್ಟುನಿಟ್ಟು ಈ ಅಳಿವೆ. ತಡವಾಗಿ ಬಂದವರಿಗೆ ಅದು ಒಂದು ಹೆಂಟೆ ಮಣ್ಣನ್ನೂ ಕೊಡುವುದಿಲ್ಲ.

ಹೊಡೆದ ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ. ಇನ್ನು ಹೊಡೆಯುವುದಿಲ್ಲ ಎಂದು ಮಾತು ಕೊಡು, ಇಲ್ಲದಿದ್ದರೆ ಶಾಲೆ ಬೇಡ ಅಂದೆ.

"ಹೊಡೀದೆ ಕಲ್ತದ್ದು ಎಂತ ಉಂಟು ಹೇಳು," ಅಂದ.

ನಾನು ಕಲಿಸಿದ ಹುಡುಗಿಯರ ವಿಚಾರ ಹೇಳಿದೆ. ಒಬ್ಬಳಿಗೂ ಕೈ ಮುಟ್ಟಿಸದೆ ನರ ಹುಡುಕಿ ಸೂಜಿ ಚುಚ್ಚಲು ಕಲಿಸಿದ್ದೇನೆ, ಇಂದು ಅವರು ದೊಡ್ಡ ದೊಡ್ಡ ವಾರ್ಡು ನೋಡಿಕೊಳ್ಳುತ್ತಾರೆ ಅಂದೆ.

"ಸೂಜಿ ತಪ್ಪಿದ್ರೆ ಒಬ್ಬಂಗೆ ನೋವು. ಒಡ್ಡು ತಪ್ಪಿದ್ರೆ ಊರಿಗೇ ಊಟ ಇಲ್ಲ. ನೋವು ನೆನಪಿರ್ತದೆ ಅಕ್ಕಾ. ಮಾತು ಇರೂದಿಲ್ಲ."

"ನಿನ್ನ ಕಿವಿಗೆ ಕೇಳು," ಅಂದೆ.

ಅವನು ಅನ್ನದ ತಟ್ಟೆಯನ್ನು ಗೋಡೆಗೆ ಎಸೆದ. ಮೀನುಸಾರು ಗೋಡೆಯ ಮೇಲೆ ಹರಿಯಿತು. ಎದ್ದು ಹೋದ. ನಾನು ಗೋಡೆ ಒರೆಸಿದೆ, ಅವನ ಪಾಲಿನ ಅನ್ನ ಮುಚ್ಚಿಟ್ಟೆ. ಮುಂದಿನ ಸುಕತಿಗೆ ಅವನು ಎಲ್ಲರಿಗಿಂತ ಮೊದಲು ಒಡ್ಡಿನ ಮೇಲಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹಳೆಯ ದೋಣಿಯ ಒಂದು ಹಲಗೆಯ ಮೇಲೆ ನಾನು ಬಣ್ಣದಲ್ಲಿ ಬರೆದು ನೆಟ್ಟಿದ್ದನ್ನು ಅವನು ಓದಿದ: ಒಡ್ಡಿನ ಮೇಲೆ ಕೈ ಎತ್ತುವಂತಿಲ್ಲ. ಮೀನಿನ ಹೆಂಗಸು ಊದಿದ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡೇ ಬಂದಳು. ಅವನ ಕೈ ಕಟ್ಟಿದ್ದನ್ನು ನೋಡಿ, "ಹುಲೀಗೆ ಹಗ್ಗ ಹಾಕೀರಲ್ಲ ಬಾಯೀ, ಗಂಟು ಗಟ್ಟಿ ಅದೆಯೋ ಇಲ್ವೋ," ಅಂದಳು. ಅವನು ಅವಳಿಗೆ ಮಣ್ಣು ಕಡಿಯುವುದನ್ನು ತೋರಿಸಿದ. ಸಲಿಕೆ ಎಷ್ಟು ಓರೆ ಹಿಡಿಯಬೇಕು, ಹೆಂಟೆ ಮುರಿಯದೆ ಹೇಗೆ ಎತ್ತಬೇಕು, ಕೈಯಿಂದ ಕೈಗೆ ಹೇಗೆ ದಾಟಿಸಬೇಕು. ಬಾಯಿಂದ ಹೇಳುವಾಗ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಹೊಡೆಯುವುದಕ್ಕಿಂತ ಹೇಳುವುದೇ ಅವನಿಗೆ ದೊಡ್ಡ ದುಡಿಮೆ.

ಬೇಸಿಗೆಯ ಕೊನೆಯಲ್ಲಿ ಬಿರುಕು ಬಿಟ್ಟ ಗದ್ದೆಯನ್ನು ಅಗೆದು ಗುಪ್ಪೆ ಹಾಕಿದೆವು, ಮೊದಲ ಮಳೆ ಉಪ್ಪನ್ನು ತೊಳೆಯಲೆಂದು. ಬಿತ್ತುವ ಮುಂಚೆ ಒಡ್ಡಿನ ತುದಿಯಲ್ಲಿರುವ ಕಾವಲು ದೈವ ಜಟಗನ ಕಲ್ಲಿಗೆ ಕೋಳಿ ಕೊಡಬೇಕು. ಅದು ನಮ್ಮ ಕಡೆಯ ಪದ್ಧತಿ, ಅದನ್ನೂ ಶಾಲೆಯಲ್ಲಿ ಸೇರಿಸಿದ್ದೆ. ತಮ್ಮ ಹುಂಜದ ಕುತ್ತಿಗೆ ಕೊಯ್ದು, ಅದು ಇನ್ನೂ ರೆಕ್ಕೆ ಬಡಿಯುತ್ತಿರುವಾಗಲೇ ರಕ್ತವನ್ನು ಹೊಸ ಹೆಂಟೆಯ ಮೇಲೆ ಸುರಿದ. ಕಲಿಯಲು ಬಂದವರಲ್ಲಿ ಬೊಬ್ರುವಾಡದ ಆಟೊ ಓಡಿಸುವವನೊಬ್ಬ ಇದ್ದ, ನಲವತ್ತು ದಾಟಿದ ಮೆದು ಮಾತಿನ ಮನುಷ್ಯ. ತಾಯಿಯ ಕಡೆಯಿಂದ ಒಂದು ತುಂಡು ಗದ್ದೆ ಅವನಿಗೆ ಬಂದಿತ್ತು. ಅವನು ಮುಖ ಬೇರೆ ಕಡೆ ಮಾಡಿದ. ತಮ್ಮ ರಕ್ತದ ಕೈಯಲ್ಲೇ ಅವನ ಗದ್ದ ಹಿಡಿದು ಕಲ್ಲಿನ ಕಡೆ ತಿರುಗಿಸಿದ. ಅದು ಹೊಡೆತವಲ್ಲ. ಆದರೆ ಅವನ ಗದ್ದದ ಮೇಲೆ ಐದು ಬೆರಳಿನ ಗುರುತು ಕೆಂಪಗೆ ಮೂಡಿದ್ದನ್ನು ನಾನು ನೋಡಿದೆ. ಆಟೊದವನು ತೊಳೆದುಕೊಳ್ಳಲು ಹೊಳೆಗೆ ಇಳಿದವನು ಬಹಳ ಹೊತ್ತು ಮೇಲೆ ಬರಲಿಲ್ಲ.

ಮಳೆಗಾಲದಲ್ಲಿ ಮೊಳಕೆ ಹಸಿರಾಯಿತು. ನೀರಿನ ಜೊತೆಗೇ ಪೈರು ಏರಿತು. ಒಡ್ಡಿಗೆ ಸರದಿಯ ಮೇಲೆ ಕಾವಲು ಇಟ್ಟಿದ್ದೆ, ವಾರ್ಡಿನ ಡ್ಯೂಟಿಯಂತೆ. ಕಾವಲಿನ ಮುಖ್ಯ ಕೆಲಸ ಏಡಿಯ ಬಿಲ ನೋಡುವುದು. ಏಡಿ ಹೊಳೆಯ ಕಡೆಯಿಂದ ಕೊರೆದು ಗದ್ದೆಯ ಕಡೆ ಹೊರಬರುತ್ತದೆ. ಅಲ್ಲಿಂದ ನೀರು ಒಸರುತ್ತದೆ. ಒಸರು ಕಂಡರೆ ಗದ್ದೆಯ ಕಡೆಯ ಬಾಯಿಯನ್ನು ಮುಚ್ಚುವುದು ಎಲ್ಲರಿಗೂ ಮೊದಲು ಹೊಳೆಯುವ ಬುದ್ಧಿ, ಎಲ್ಲಕ್ಕಿಂತ ಕೆಟ್ಟ ಬುದ್ಧಿ. ಕೀವಿದ್ದ ಹುಣ್ಣಿಗೆ ಮೇಲಿನಿಂದ ಪಟ್ಟಿ ಹಾಕಿದಂತೆ. ನೀರು ಒಡ್ಡಿನ ಒಳಗೇ ತುಂಬಿ ಒಂದು ದಿನ ಒಡೆಯುತ್ತದೆ. ಹೊಳೆಯ ಕಡೆಯ ಬಾಯಿ ಹುಡುಕಿ, ಬಿಲದ ಉದ್ದಕ್ಕೂ ಅಗೆದು, ಹೊಸ ಮಣ್ಣು ಬಡಿದು ತುಂಬಬೇಕು. ತಮ್ಮ ಇದನ್ನು ಎಷ್ಟೋ ಸಲ ಹೇಳಿದ. ಆಟೊದವನು ಒಂದು ಸಲ ಹುಲ್ಲು ತುರುಕಿ ಮುಚ್ಚಿದ್ದನ್ನು ಕಂಡದ್ದೇ ತಮ್ಮನ ಕೈಯ ಗಂಟು ಬಿಚ್ಚಿಹೋಯಿತು. ಬುತ್ತಿ ತಂದಿದ್ದ ಆಟೊದವನ ಹೆಂಡತಿಯ ಎದುರಿಗೇ ಅವನ ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ ಕೊಡತಿಯ ಹಿಡಿಯಿಂದ ಬಾರಿಸಿದ. ಆಕೆ ಬುತ್ತಿಯನ್ನು ಅಲ್ಲೇ ಇಟ್ಟು ಮುಖ ಮುಚ್ಚಿಕೊಂಡಳು.

ನಿಯಮ ನಿಯಮವೇ. ತಮ್ಮನನ್ನು ಒಂದು ಪಕ್ಷ ಒಡ್ಡಿಗೆ ಬರದಂತೆ ಮಾಡಿದೆ. ಅವನು ಮನೆಯ ಹಿಂದೆ ಕೂತು ಬಿದಿರು ಸೀಳಿದ. ಆಟೊದವನ ಬೆನ್ನಿಗೆ ನಾನೇ ಮುಲಾಮು ಹಚ್ಚಿದೆ. ಹೋಗಬೇಡ, ಕಲಿ ಅಂದೆ. ಹೂಂ ಅಂದ. ಅವನು ಬರುವುದನ್ನು ಬಿಡಲಿಲ್ಲ. ಆದರೆ ತಮ್ಮ ಹತ್ತಿರ ಬಂದಾಗಲೆಲ್ಲ ಅವನ ಭುಜ ತಾನಾಗಿ ಮೇಲೇಳುತ್ತಿತ್ತು. ಹೊಡೆತ ತಿಂದ ನಾಯಿಯನ್ನು ನೀವು ನೋಡಿದ್ದರೆ ಗೊತ್ತಾಗುತ್ತದೆ.

ಮಹಾಲಯ ಅಮಾವಾಸ್ಯೆ ಬಂತು. ತೆನೆ ಹಾಲು ತುಂಬಿ ಬಾಗುವ ಹೊತ್ತು. ಅಂದಿನ ಭರತಿ ವರ್ಷದ ದೊಡ್ಡ ಭರತಿಗಳಲ್ಲಿ ಒಂದು, ನಮ್ಮ ಕಡೆ ಅದು ಊಟದ ಹೊತ್ತಿಗೆ ಮುಂಚೆಯೇ ಏರುತ್ತದೆ. ಪಡುವಣ ಗಾಳಿಯೂ ಎದ್ದಿತ್ತು. ಊರಿನವರೆಲ್ಲ ಹಿರಿಯರಿಗೆ ಎಡೆ ಇಡುವುದರಲ್ಲಿದ್ದರು. ನಾನು ಬಾಳೆ ಎಲೆಯಲ್ಲಿ ಕಾಗೆಗೆ ಅನ್ನ ಇಟ್ಟು ತಿರುಗುವಷ್ಟರಲ್ಲಿ ಒಡ್ಡಿನ ಕಡೆಯಿಂದ ತಗಡು ಬಡಿಯುವ ಸದ್ದು ಕೇಳಿತು. ಒಡ್ಡು ಒಡೆದರೆ ತಗಡು ಬಡಿಯಬೇಕೆಂದು ಕಲಿಸಿದ್ದೆವು. ತಗಡು ಕೇಳಿದವನು ಉಣ್ಣುತ್ತಿದ್ದರೂ ಏಳಬೇಕು, ಅದು ಅಪ್ಪನ ಕಾಲದಿಂದ ಬಂದ ಮಾತು. ಆ ಕಾಲದಲ್ಲಿ ಏಳದವನನ್ನು ಆಮೇಲೆ ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು.

ನಾನು ಹೋದಾಗ ಒಡ್ಡಿನಲ್ಲಿ ಒಂದು ಬಾಗಿಲಿನಷ್ಟು ಜಾಗ ಹೋಗಿತ್ತು. ಹೊಳೆ ಒಳಗೆ ನುಗ್ಗುತ್ತಿದ್ದ ಸದ್ದು ಬಸ್ಸಿನ ಇಂಜಿನ್ನಿನ ಹಾಗಿತ್ತು. ಅದರ ಬಾಯಿಗೆ ಸಿಕ್ಕ ಪೈರು ಬೇರು ಸಮೇತ ಎದ್ದು ಸುತ್ತುತ್ತ ಹೋಗುತ್ತಿತ್ತು. ತಮ್ಮ ಆಗಲೇ ಒಡಕಿನೊಳಗೆ ಇಳಿದಿದ್ದ, ನೀರಿಗೆ ಬೆನ್ನು ಕೊಟ್ಟು ನಿಂತಿದ್ದ. ಒಡ್ಡು ಒಡೆದಾಗ ಹಾಗೆ ಮಾಡುವುದೇ ನಮ್ಮ ಪದ್ಧತಿ. ಮೊದಲು ಜನ ಗೋಡೆಯಾಗಬೇಕು. ತೋಳಿಗೆ ತೋಳು ಕೊಕ್ಕೆ ಹಾಕಿ ಸಾಲು ನಿಂತು ನೀರಿನ ಓಟವನ್ನು ಮೈಮೇಲೆ ತಗೊಳ್ಳಬೇಕು. ಅವರ ಮರೆಯಲ್ಲಿ ಉಳಿದವರು ಗೂಟ ಹೊಡೆದು, ತೆಂಗಿನ ಗರಿ ನೇಯ್ದು, ಮಣ್ಣಿನ ಚೀಲ ಇಳಿಸಬೇಕು. ಸುಂಕಸಾಳದ ಕಡೆಯಿಂದ ತರಿಸಿದ ಬಿದಿರಿನ ಗೂಟಗಳು ಅದಕ್ಕೆಂದೇ ಒಡ್ಡಿನ ಮೇಲೆ ರಾಶಿ ಬಿದ್ದಿದ್ದವು.

ಮೀನಿನ ಹೆಂಗಸು ಸೀರೆಯನ್ನು ಕಚ್ಚೆ ಕಟ್ಟಿ ಅವನ ಬಲಕ್ಕೆ ಇಳಿದಳು. ಎಡಕ್ಕೆ ಯಾರೂ ಇರಲಿಲ್ಲ. ಆ ಬದಿಯ ಒಡ್ಡಿನ ಮೇಲೆ ಆಟೊದವನು ನಿಂತಿದ್ದ, ತಗಡು ಇನ್ನೂ ಅವನ ಕೈಯಲ್ಲಿತ್ತು. ಬಡಿದವನು ಅವನೇ. ಅವನು ನೀರನ್ನು ನೋಡುತ್ತಿದ್ದನೋ ತಮ್ಮನನ್ನು ನೋಡುತ್ತಿದ್ದನೋ ಗೊತ್ತಾಗಲಿಲ್ಲ. ಮೀನಿನ ಹೆಂಗಸು ಅವನ ತಾಯಿಯಿಂದ ಹಿಡಿದು ಮೂರು ತಲೆಮಾರಿಗೆ ಬೈದಳು. ಅವನು ಇಳಿದ, ತಮ್ಮನ ಎಡತೋಳಿಗೆ ತೋಳು ಕೊಕ್ಕೆ ಹಾಕಿದ. ಮತ್ತೆ ನಾಲ್ಕೈದು ಜನ ಬಂದರು. ಗೋಡೆ ಆಯಿತು.

ನೀರು ಅವರ ಬೆನ್ನನ್ನು ಹೊಡೆಯುತ್ತಿದ್ದ ಸದ್ದು ನನಗೆ ಗೂಟದ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಒಂದು ತೇಲುವ ಮರದ ತುಂಡು ಬಂದು ಮೀನಿನ ಹೆಂಗಸಿನ ಹಿಂದಲೆಗೆ ಬಡಿಯಿತು. ಅವಳ ಕಣ್ಣು ಮೇಲೆ ಹೋಯಿತು, ಕಾಲು ಕುಸಿಯಿತು. ತಮ್ಮ ಅವಳ ತೋಳನ್ನು ಬಿಡಲಿಲ್ಲ, ಅವಳು ಕಣ್ಣು ಬಿಟ್ಟು ಕಾಲೂರುವ ತನಕ ಹಲ್ಲಿನಲ್ಲಿ ಅವಳ ರವಿಕೆಯ ಭುಜ ಕಚ್ಚಿ ಮೇಲೆತ್ತಿ ಹಿಡಿದ. ಗೂಟ ಹೊಡೆಯುವವನ ಕೈ ತಪ್ಪಿ ಬಿದಿರಿನ ಸೀಳು ತಮ್ಮನ ತೊಡೆಯನ್ನು ಹರಿದುಕೊಂಡು ಹೋಯಿತು. ನೀರು ಅವನ ಸುತ್ತ ಕೆಂಪಾಗಿ, ಮತ್ತೆ ಕಂದಾಗಿ, ಮತ್ತೆ ಕೆಂಪಾಯಿತು. ಅವನು ಗೂಟದವನಿಗೆ ಇನ್ನೂ ಹತ್ತಿರ ಹೊಡೆ ಎಂದು ಕೂಗಿದ, ಅಷ್ಟೇ.

ಭರತಿ ತುಂಬಿ ನಿಂತಾಗ ನೀರಿನ ಒತ್ತಡ ಸ್ವಲ್ಪ ಸಡಿಲಾಯಿತು. ಆಗ ಆಟೊದವನು ತಮ್ಮನ ಕೇಳುವ ಕಿವಿಯ ಕಡೆಗೆ ಕತ್ತು ಚಾಚಿ ಹೇಳಿದ. ಅವನ ಮಾತು ಒಡ್ಡಿನ ಮೇಲಿದ್ದ ನನಗೂ ಕೇಳಿತು.

"ನಾ ಕಂಡಿದ್ದೆ ಮಾಮಾ. ನಾಕು ದಿನ ಆಯ್ತು. ಒಸರ್ತಿತ್ತು. ಒಳಗಿಂದ ಮುಚ್ದೆ. ಹೇಳ್ಲಿಲ್ಲ."

"ಎಂತಕ್ಕೆ?"

"ನೀ ಹೊಡೀತೆ ಅಂತ."

ತಮ್ಮನ ಎರಡು ತೋಳುಗಳೂ ಕೊಕ್ಕೆಯಲ್ಲಿದ್ದವು. ಆ ಎರಡು ತೋಳು ಬಿಡುವಾಗಿದ್ದರೆ ಏನಾಗುತ್ತಿತ್ತು ಎಂದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನೀರು ಇಳಿಯುವ ತನಕ ಅವರಿಬ್ಬರೂ ಹಾಗೆಯೇ, ಬಿಡಿಸಿಕೊಳ್ಳಲಾಗದಂತೆ ಹೆಣೆದುಕೊಂಡು ನಿಂತರು.

ಸಂಜೆಗೆ ಮುಂಚೆ ಒಡಕು ಮುಚ್ಚಿತು. ಜನ ಒಡ್ಡಿನ ಮೇಲೆ ಹೆಣದ ಹಾಗೆ ಬಿದ್ದುಕೊಂಡರು. ನಾನು ಮೀನಿನ ಹೆಂಗಸಿನ ತಲೆ ತೊಳೆಯುತ್ತಿದ್ದೆ. ಬೆನ್ನ ಹಿಂದೆ ಒಂದು ಸದ್ದು ಕೇಳಿತು. ಒಣಗಿದ ಕಡ್ಡಿ ಮುರಿದಂಥ ಆ ಸದ್ದನ್ನು ನಾನು ವಾರ್ಡಿನಲ್ಲಿ ಎಷ್ಟೋ ಸಲ ಕಥೆಯಾಗಿ ಕೇಳಿದ್ದೆ, ಕಿವಿಯಾರೆ ಕೇಳಿರಲಿಲ್ಲ. ತಿರುಗಿ ನೋಡಿದರೆ ಆಟೊದವನು ಮೊಣಕಾಲೂರಿ ಕೂತಿದ್ದ, ತಮ್ಮ ಕೊಡತಿಯನ್ನು ಎರಡನೇ ಸಲ ಎತ್ತಿದ್ದ. ಈ ಸಲ ತಲೆಯ ಭಾಗ. ಮೊದಲ ಪೆಟ್ಟಿಗೇ ಆಟೊದವನ ಕತ್ತಿನ ಬಳಿಯ ಎಲುಬು ಮುರಿದಿತ್ತು. ಎರಡನೆಯದು ಬೀಳುವ ಮುಂಚೆ ಮೀನಿನ ಹೆಂಗಸು ನನ್ನ ಕೈಯಿಂದ ಎದ್ದು, ರಕ್ತ ಸೋರುವ ತಲೆಯಿಂದಲೇ ತಮ್ಮನ ಹೊಟ್ಟೆಗೆ ಗುದ್ದಿ ಅವನನ್ನು ಕೆಸರಿಗೆ ಕೆಡವಿದಳು. ಅವನ ಎದೆಯ ಮೇಲೆ ಕೂತಳು. ಆಗ ಉಳಿದವರೂ ಅವನ ಮೇಲೆ ಬಿದ್ದರು. ಅಷ್ಟು ಹೊತ್ತು ಅವನೊಡನೆ ತೋಳು ಹೆಣೆದು ನಿಂತವರೇ ಅವನನ್ನು ಒದ್ದರು. ನಾನು ಭುಜ ಕೊಟ್ಟೆ, ಯಾರದೋ ಮೊಣಕೈ ನನ್ನ ಬಾಯಿಗೆ ಬಡಿಯಿತು. ಮೇಟ್ರನ್ ಬಾಯಿಯ ದನಿಯಲ್ಲಿ ಕೂಗಿದೆ. ನಿಂತರು.

ಕೆಲಸ ಇತ್ತು, ಮಾಡಿದೆ. ಆಟೊದವನ ಎರಡು ಭುಜಗಳನ್ನು ಹಿಂದಕ್ಕೆಳೆದು ಟವೆಲಿನಿಂದ ಇಂಗ್ಲಿಷ್ ಎಂಟರ ಆಕಾರದಲ್ಲಿ ಕಟ್ಟಿದೆ. ತಮ್ಮನ ತೊಡೆಯ ಗಾಯಕ್ಕೆ ಒತ್ತು ಪಟ್ಟಿ ಹಾಕಿದೆ. ಅವನ ಒಂದು ಹಲ್ಲು ಹೋಗಿತ್ತು. ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಮರುದಿನ ಬೊಬ್ರುವಾಡದಿಂದ ಆಟೊದವನ ಭಾವಂದಿರು ಬಂದರು. ನಮ್ಮ ಬಾಗಿಲು ಒಡೆದರು, ತಮ್ಮನನ್ನು ಅಂಗಳಕ್ಕೆ ಎಳೆದು ಹೊಡೆದರು. ಅವನು ಕೈ ಎತ್ತಲಿಲ್ಲ. ತಲೆಯನ್ನು ಮಾತ್ರ ಮುಚ್ಚಿಕೊಂಡ. ಪೊಲೀಸರಿಗೆ ಹೇಳುವೆಯಾ ಎಂದು ನಾನು ಆಟೊದವನನ್ನು ಕೇಳಿದೆ. ಬೇಡ ಅಂದ. ಕೊಯ್ಲು ಯಾವಾಗ ಎಂದು ಕೇಳಿದ.

ತಗ್ಗಿನ ಅರ್ಧ ಗದ್ದೆ ಉಪ್ಪುನೀರಿನಲ್ಲಿ ಮುಳುಗಿ ಕೊಳೆಯಿತು. ಮೇಲಿನ ಅರ್ಧ ನಿಂತಿತು. ಆ ಅರ್ಧವೇ ಈಗ ಬೀಜ. ನಾನು ಶಾಲೆಯವರನ್ನೆಲ್ಲ ಕೂರಿಸಿ ತಮ್ಮನಿಗೆ ಒಡ್ಡಿನ ಮೇಲೆ ಕಾಲಿಡಲು ಅನುಮತಿ ಇಲ್ಲ ಎಂದು ಹೇಳಿದೆ. ಒಂದು ಪಕ್ಷವಲ್ಲ, ಯಾವಾಗಲೂ. ಅವನಿಗೂ ಹೇಳಿದೆ. "ಹಂಗಾರೆ ಬೀಜ ಕೊಳೀತದೆ. ನಿಂಗೆ ಮುಡಿ ಕಟ್ಲಿಕ್ಕೆ ಬರೂದಿಲ್ಲ," ಅಂದ. ಕೊಳೆಯಲಿ ಅಂದೆ. ಹಾಗೆ ಹೇಳಿದ ಮೇಲೆ ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕೊಯ್ಲಿನ ದಿನ ನೀರಿನಲ್ಲಿ ನಿಂತು ತೆನೆ ಮಾತ್ರ ಕೊಯ್ದೆವು. ಒಣಗಿಸಿದೆವು. ಮುಡಿ ಕಟ್ಟುವ ದಿನ ಗಜನಿಯ ಅಂಚಿನ ಎತ್ತರದ ಜಾಗದಲ್ಲಿ ಹುಲ್ಲು ಹಾಸಿ ಕೂತೆವು. ಮುಡಿ ಕಟ್ಟುವುದು ಕೂಸಿಗೆ ಬಟ್ಟೆ ಸುತ್ತಿದಂತಲ್ಲ. ಒಳಗೆ ಗಾಳಿ ಉಳಿದರೆ ಹುಳ ಬೀಳುತ್ತದೆ. ಮೊದಲನೆಯದು ಸೋರಿತು. ಎರಡನೆಯದು ಬಿಚ್ಚಿತು. ಮೂರನೆಯದನ್ನು ಮೀನಿನ ಹೆಂಗಸು ಬಲೆಯ ಗಂಟು ಹಾಕಿ ಕಟ್ಟಿದಳು, ಅದು ಒಂದು ಕಡೆ ಉಬ್ಬಿತು. ಅಷ್ಟರಲ್ಲಿ ಒಡ್ಡಿನ ಪಕ್ಕದಲ್ಲೇ ಹಾದು ಬರುವ ಕಾಲುವೆಯ ಆಚೆ ದಡದಿಂದ ತಮ್ಮನ ಕೂಗು ಬಂತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ಹುಲ್ಲಿನ ಬುಡ ಒಳಗೆ, ತುದಿ ಹೊರಗೆ, ಹಗ್ಗ ಎಳೆಯುವಾಗ ಕಾಲಲ್ಲಿ ಒತ್ತು ಎಂದು ಕೂಗುತ್ತಿದ್ದ. ಎಲ್ಲರೂ ನನ್ನ ಮುಖ ನೋಡಿದರು.

"ಬಾಯೀ," ಅಂದಳು ಮೀನಿನ ಹೆಂಗಸು, "ಹುಲಿ ಆಚೆ ದಡದಾಗೇ ಇರ್ಲಿ. ಅದರ ಗಂಟಲು ಮಾತ್ರ ನಮ್ಗೆ ಬೇಕು."

ನಾನು ಕಾಲುವೆಯನ್ನು ಕಣ್ಣಲ್ಲೇ ಅಳೆದೆ. ಕೊಡತಿ ಎಟುಕುವುದಿಲ್ಲ. ಕೈಯಂತೂ ಇಲ್ಲವೇ ಇಲ್ಲ. ಅವನ ದನಿ ಎಟುಕುತ್ತದೆ. ಅಲ್ಲಿಂದ ಒಂದು ಹೆಜ್ಜೆ ಈಚೆ ಬಂದರೆ ಪಾಠ ಮುಗಿಯಿತು ಎಂದು ಕೂಗಿ ಹೇಳಿದೆ. ಅವನು ಕಲ್ಲಿನ ಮೇಲೆ ಕೂತ. ಹೊತ್ತು ಇಳಿಯುವಷ್ಟರಲ್ಲಿ ಎರಡು ಮುಡಿ ನಿಂತವು. ಉಬ್ಬಿಲ್ಲದವು.

ಅಂದಿನಿಂದ ಶಾಲೆ ಹಾಗೆಯೇ ನಡೆಯುತ್ತಿದೆ. ಅವನು ಕಾಲುವೆಯ ಆಚೆ, ನಾವು ಈಚೆ. ಅವನಿಗೆ ಸಿಟ್ಟು ಬಂದಾಗ ಅಲ್ಲೇ ನೆಲಕ್ಕೆ ಒದೆಯುತ್ತಾನೆ, ತೆಂಗಿನ ಬುಡಕ್ಕೆ ಗುದ್ದುತ್ತಾನೆ. ಆ ಮರದ ತೊಗಟೆ ಒಂದು ಕಡೆ ಸವೆದಿದೆ. ಅವನು ಬದಲಾದ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅವನ ಕೈ ಹಾಗೇ ಇದೆ.

ಮೊನ್ನೆ ಸುಕತಿಯ ಹೊತ್ತಿಗೆ ಒಡ್ಡಿನ ದುರಸ್ತಿ ನಡೆದಿತ್ತು. ಆಟೊದವನು ಬಂದಿದ್ದ. ಅವನ ಮುರಿದ ಎಲುಬು ಕೂಡಿದೆ, ಆದರೆ ಒಂದು ಭುಜ ಕೆಳಗೆ ನಿಂತಿದೆ. ಅವನು ಬಗ್ಗಿ ಒಡ್ಡಿನ ಹೊಟ್ಟೆಯನ್ನು ನೋಡುತ್ತ ನಡೆಯುತ್ತಿದ್ದವನು ಒಂದು ಕಡೆ ನಿಂತ. ಅಲ್ಲೇ ಕೂತ. ಹತ್ತಿರದಲ್ಲಿದ್ದವರ ಕೈಗಳು ನಿಂತವು. ಅವನ ಕತ್ತು ಭುಜದೊಳಗೆ ಇಳಿದದ್ದು ನನಗೆ ಕಂಡಿತು. ಆಮೇಲೆ ಅವನು ಎದ್ದು ಕಾಲುವೆಯ ಕಡೆ ತಿರುಗಿ, ಅವನ ಬಾಯಿಂದ ನಾನು ಎಂದೂ ಕೇಳದಷ್ಟು ಗಟ್ಟಿಯಾಗಿ ಕೂಗಿದ.

"ಇಲ್ಲಿ ಒಸರ್ತದೆ ಮಾಮಾ. ನಾನೇ ಹೋದ ವಾರ ಬಡ್ದ ಜಾಗ."

ತಮ್ಮ ಕಲ್ಲಿನ ಮೇಲಿಂದ ಎದ್ದ. ಕಾಲುವೆಗೆ ಇಳಿದ. ಒಂದು ಹೆಜ್ಜೆ, ಮತ್ತೊಂದು, ನೀರು ಅವನ ಸೊಂಟಕ್ಕೆ ಬಂತು. ಮುಷ್ಟಿ ಕಟ್ಟಿತ್ತು. ನಾನು ಒಡ್ಡಿನ ಅಂಚಿಗೆ ಬಂದು ಭುಜ ತಿರುಗಿಸಿ ನಿಂತೆ. ಆಟೊದವನು ಓಡಲಿಲ್ಲ. ತಮ್ಮ ನಡು ನೀರಿನಲ್ಲಿ ನಿಂತ, ಉಸಿರು ಜೋರಾಗಿ ಬಿಡುತ್ತಿದ್ದ.

"ನೀರು ತಿಳಿ ಉಂಟಾ, ಕದಡು ಉಂಟಾ?" ಎಂದು ಕೇಳಿದ.

ತಿಳಿಯಾಗಿದ್ದರೆ ಬರೀ ಒಸರು, ಕಾಯಬಹುದು. ಕದಡಾಗಿದ್ದರೆ ಒಡ್ಡಿನ ಮಣ್ಣೇ ಹೊರಗೆ ಬರುತ್ತಿದೆ ಎಂದು ಅರ್ಥ. ಆಟೊದವನು ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ.

"ಕದಡು."

"ಹಂಗಾರೆ ಬೆನ್ನಿಂದ ಅಗೀ. ಬಿಲದ ಕೊನೆ ಸಿಗೂ ತನ್ಕ ಬಿಡ್ಬೇಡ. ಭರತಿ ಬರೂದ್ರೊಳಗೆ ಆಗ್ಬೇಕು."

ಆಟೊದವನು ಸಲಿಕೆ ತಗೊಂಡು ಹೊಳೆಯ ಕಡೆಗೆ ಇಳಿದ. ಮೀನಿನ ಹೆಂಗಸು ಹಿಂದೆಯೇ ಇಳಿದಳು. ನಾನು ಗಡಿಯಾರ ನೋಡಿದೆ. ಹೊತ್ತು ಇತ್ತು, ಆದರೆ ಹೆಚ್ಚಿರಲಿಲ್ಲ.